ಸೂತಕಕ್ಕೆ ಉಳಿದ ಕರಿಟೋಪಿ

ಆಯುಧಪೂಜೆಯ ದಿನ ಕಿರಂಗೂರಿನ ಜಯಲಕ್ಷ್ಮಮ್ಮನನ್ನು ಹುಡುಕಬೇಕಾದರೆ ಅಡಿಗೆಮನೆಗೆ ಹೋಗಬೇಕು. ಬೆಳಿಗ್ಗೆ ಎದ್ದು ಟ್ರಾಕ್ಟರಿಗೆ, ಪಂಪ್‌ಸೆಟ್ಟಿಗೆ, ಸೊಸೆಯ ಸ್ಕೂಟರಿಗೆ, ಮಚ್ಚು ಕುಡುಗೋಲಿಗೆ ಸಹ ಹೂವು ಕಟ್ಟಿಡುವವಳು ಆಕೆಯೇ. ನಿಂಬೆಹಣ್ಣು ತೆಗೆದಿಟ್ಟು, ಬೂದುಗುಂಬಳ ತೊಳೆದು, ಕುಂಕುಮ ಕಲೆಸಿ ಎಲ್ಲ ಸಜ್ಜು ಮಾಡುತ್ತಾಳೆ. ಇನ್ನೇನು ಮಗ ತಿಮ್ಮರಾಜು ಕರ್ಪೂರ ಹಚ್ಚಬೇಕು ಅನ್ನುವಷ್ಟರಲ್ಲಿ ಮಾಯ. ಒಲೆ ಮೇಲೆ ಏನೋ ಇಟ್ಟಿದ್ದೀನಿ ಅನ್ನುತ್ತಾಳೆ. ಒಲೆಯ ಮೇಲೆ ಏನೂ ಇರುವುದಿಲ್ಲ.

ಸೊಸೆ ಪವಿತ್ರ ಈ ಮನೆಗೆ ಬಂದ ಹೊಸದರಲ್ಲಿ, ಅತ್ತೆಗೆ ತನ್ನ ಸ್ಕೂಟರ್ ಕಂಡರೆ ಆಗುವುದಿಲ್ಲ ಅಂದುಕೊಂಡಿದ್ದಳು. ಆಮೇಲೆ ನೋಡಿದರೆ ಅದೇ ಅತ್ತೆ ಸ್ಕೂಟರಿನ ಹಿಂದೆ ಕೂತು ಸಂತೆಗೆ ಹೋಗಲು ತುದಿಗಾಲಲ್ಲಿ ನಿಂತಿರುತ್ತಾರೆ. ಇವರಿಗೆ ಆಗದಿರುವುದು ಸ್ಕೂಟರಲ್ಲ, ಅದರ ಪೂಜೆ. ಒಂದು ಸಲ ಕೇಳಿಯೂ ನೋಡಿದಳು. "ಮಂಗಳಾರತಿ ಆದ್ಮೇಲ್ ಬತ್ತೀನಿ, ನೀ ಓಗವ್ವ" ಅನ್ನುವ ಉತ್ತರ ಬಂತು. ಆಮೇಲೆ ಕೇಳುವುದನ್ನು ಬಿಟ್ಟಳು.

ಕಾರಣ ಗೊತ್ತಿದ್ದವರು ಊರಿನಲ್ಲಿ ಇಬ್ಬರೇ. ಒಬ್ಬಳು ಜಯಲಕ್ಷ್ಮಮ್ಮ, ಇನ್ನೊಬ್ಬಳು ಪಕ್ಕದ ಮನೆಯ ಪಾರ್ವತಮ್ಮ. ಬೆಳಗಾದರೆ ಸಾರು, ಮಜ್ಜಿಗೆ, ಹೆಪ್ಪಿಗೆ ಮೊಸರು ಅಂತ ಆ ಮನೆಯಿಂದ ಈ ಮನೆಗೆ ಓಡಾಡುವ ಈ ಇಬ್ಬರು ಹೆಂಗಸರು ಆ ಒಂದು ವಿಷಯಕ್ಕೆ ಮಾತ್ರ ನಲವತ್ತು ವರ್ಷದಿಂದ ತುಟಿ ಬಿಚ್ಚಿರಲಿಲ್ಲ.

ಈ ಸಲ ದಸರೆಗೆ ಇನ್ನೂ ಸ್ವಲ್ಪ ದಿನವಿದೆ ಅನ್ನುವಾಗ ಪಾಂಡವಪುರದಿಂದ ಅಶೋಕ್ ಅನ್ನುವವರು ಬಂದರು. ನಾಗಮಂಗಲದ ಕಡೆ ಒಂದು ಕಾಲೇಜಿನಲ್ಲಿ ಮೇಷ್ಟರು. ಹಳೇ ರೇಡಿಯೋ, ಹಳೇ ಗಡಿಯಾರ, ಯಾರೋ ಬಿಸಾಡಿದ ಹೊಲಿಗೆ ಮೆಶೀನು ಎಲ್ಲ ಹೊತ್ತು ತಂದು ಮನೆ ತುಂಬಿಸಿಕೊಂಡು ಹೆಂಡತಿಯ ಕೈಲಿ ಬೈಸಿಕೊಳ್ಳುವ ಪೈಕಿ. ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು.

"ಅಮ್ಮ, ಇದು ನಿಮ್ ಕೈಕೆಲಸಾನಾ ಅಂತ ಕೇಳೋಕೆ ಬಂದೆ. ಬೆಳಗೊಳದಲ್ಲಿ ವಿಚಾರ್ಸಿದ್ದಕ್ಕೆ ಕಿರಂಗೂರಿನ ಹೆಂಗಸ್ರು ಕಟ್ತಿದ್ರು ಅಂದ್ರು."

ಫೋಟೋದಲ್ಲಿ ಇದ್ದದ್ದು ವೈರುಗಳ ಒಂದು ಕಟ್ಟು. ಕೆಂಪು, ಹಳದಿ, ಹಸಿರು ವೈರುಗಳನ್ನು ಒಟ್ಟುಗೂಡಿಸಿ ಉದ್ದಕ್ಕೂ ದಾರದಲ್ಲಿ ಗಂಟು ಹಾಕಿಕೊಂಡು ಹೋಗಿತ್ತು. ಮಲ್ಲಿಗೆ ಕಟ್ಟಿ ಗೊತ್ತಿರುವ ಯಾರು ನೋಡಿದರೂ ಹೇಳುತ್ತಾರೆ, ಅದು ಹೂ ಕಟ್ಟುವ ಗಂಟು.

ಜಯಲಕ್ಷ್ಮಮ್ಮನ ಕೈ ಮಡಿಲಲ್ಲಿದ್ದ ಹೂವಿನ ಮೇಲೆ ಹಾಗೇ ನಿಂತಿತು. "ಎಲ್ ಸಿಕ್ತಪ್ಪ ಇದು?"

"ಕೆ.ಆರ್. ಪೇಟೇಲಿ. ಒಂದು ಹಳೇ ಬೇಕರಿ ಮುಚ್ಚುದ್ರು. ಅದರ ಹಿಂದುಗಡೆ ಗೋಣಿತಾಟಿನ ಕೆಳಗಿತ್ತು."

"ಕರಿಟೋಪಿ," ಅಂದಳು ಆಕೆ. ಆ ಹೆಸರು ಬಾಯಿಂದ ಹೊರಟು ಎಷ್ಟು ಕಾಲವಾಗಿತ್ತೋ, ದನಿಯೇ ಸರಿಯಾಗಿ ಬರಲಿಲ್ಲ.

ಕರಿಟೋಪಿ ಅಂದರೆ ಒಂದು ಆಟದ ಮೆಶೀನು. ಪಿನ್‌ಬಾಲ್ ಅನ್ನುತ್ತಾರಲ್ಲ, ಅದು. ಮೇಜಿನಂಥ ಪೆಟ್ಟಿಗೆ, ಮೇಲೊಂದು ಗಾಜು, ತಲೆಯ ಕಡೆ ನೆಟ್ಟಗೆ ನಿಲ್ಲುವ ಚಿತ್ರದ ಗಾಜು ಇನ್ನೊಂದು. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಚೆಂಡು ಮೇಲಕ್ಕೆ ಚಿಮ್ಮಿ, ಅಲ್ಲಿ ಬಡಿದು ಇಲ್ಲಿ ಬಡಿದು, ಲೈಟು ಹತ್ತಿಸಿ ಗಂಟೆ ಹೊಡೆದು ಕೆಳಗಿಳಿಯುತ್ತದೆ. ಕೆಳಗೆ ಎರಡು ಪುಟ್ಟ ತೋಳುಗಳಿವೆ. ಗುಂಡಿ ಒತ್ತಿ ಆ ತೋಳು ಆಡಿಸಿ ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ತಪ್ಪಿದರೆ ಚೆಂಡು ಗುಳುಂ.

ಅದನ್ನು ಮಾಡಿದ್ದು ಬೆಳಗೊಳದ ಒಂದು ಶೆಡ್ಡಿನಲ್ಲಿ. ಯಜಮಾನರು ಚಿಕ್ಕಯ್ಯ. ಮೈಸೂರಿನ ಒಂದು ಕ್ಲಬ್ಬಿನಲ್ಲಿ ಫಾರಿನ್ ಆಟದ ಮೆಶೀನುಗಳ ರಿಪೇರಿ ಮಾಡಿಕೊಂಡಿದ್ದವರು. ಬಿಚ್ಚಿ ಬಿಚ್ಚಿ ಜೋಡಿಸಿ ಕೊನೆಗೊಂದು ದಿನ, ಇದನ್ನು ನಾವೇ ಯಾಕೆ ಮಾಡಬಾರದು ಅನ್ನಿಸಿತು. ಅನ್ನಿಸಿದ್ದನ್ನು ಮಾಡದೆ ಬಿಡುವ ಆಸಾಮಿಯಲ್ಲ. ಪೆಟ್ಟಿಗೆಗೆ ಪ್ಲೈವುಡ್ಡು, ಕಾಲಿಗೆ ಬೋರ್‌ವೆಲ್ ಪೈಪು, ಚೆಂಡಿಗೆ ಲಾರಿ ಬೇರಿಂಗಿನ ಗುಂಡು, ತೋಳಿಗೆ ಸುತ್ತುವ ರಬ್ಬರಿಗೆ ಸೈಕಲ್ ಟ್ಯೂಬು. ಕಾಯಿಲ್ ಸುತ್ತಲು ಪಂಪ್‌ಸೆಟ್ ರಿಪೇರಿಯವರು ಒಪ್ಪಿಕೊಂಡರು. ವೈರಿಂಗಿಗೆ ಮಾತ್ರ ಆಳು ಸಿಗಲಿಲ್ಲ. ಗಂಡಸರನ್ನು ಕೂರಿಸಿದರೆ ವೈರೆಲ್ಲ ಸಿಕ್ಕುಸಿಕ್ಕಾಗಿ, ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೂ ತಿಳಿಯುತ್ತಿರಲಿಲ್ಲ. ಚಿಕ್ಕಯ್ಯನವರ ಹೆಂಡತಿ, ಹೂ ಕಟ್ಟುವ ಹೆಂಗಸರನ್ನು ಕರಕೊಂಡು ಬನ್ನಿ ಅಂದರಂತೆ. ಹಾಗೆ ಕಿರಂಗೂರಿನಿಂದ ಬಸ್ಸು ಹತ್ತಿದವರು ಹೊಸದಾಗಿ ಮದುವೆಯಾಗಿ ಬಂದಿದ್ದ ಜಯಲಕ್ಷ್ಮಿ ಮತ್ತು ಪಾರ್ವತಿ.

ನೂಲಿನ ದಾರಕ್ಕೆ ಮೇಣದಬತ್ತಿ ಉಜ್ಜಿಕೊಂಡು, ಮಾತಾಡುತ್ತ, ನಗುತ್ತ, ವೈರಿನ ಕಟ್ಟುಗಳನ್ನು ಇಬ್ಬರೂ ದಂಡೆ ಕಟ್ಟಿದ ಹಾಗೆ ಸರಸರ ಕಟ್ಟಿಕೊಟ್ಟರು. ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಮೆಶೀನು ಪೂರ್ತಿಯಾದ ಮೇಲೆ ಮೊದಲ ಚೆಂಡನ್ನು ಆಡುವ ಹಕ್ಕು ಅದರ ವೈರು ಕಟ್ಟಿದವರದು. ಯಜಮಾನರು ಕೂಡ ಕೈಕಟ್ಟಿ ನಿಂತು ಕಾಯಬೇಕು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಣ್ಣುಮಕ್ಕಳಿಗೆ, ಮೊದಲು ನೀವೇ ಅಂದರೆ ಎಷ್ಟು ಖುಷಿಯಾಗಿರಬೇಡ!

ಮೊದಮೊದಲು ಹೂವಿನ ತೋಟದ ಚಿತ್ರದ ಮೆಶೀನು ಮಾಡಿದರು, ಯಾರೂ ಮೂಸಿ ನೋಡಲಿಲ್ಲ. ಕ್ರಿಕೆಟ್ಟಿನದು ಮಾಡಿದರು, ಅದೂ ಅಷ್ಟಕ್ಕಷ್ಟೇ. ದಸರಾಕ್ಕೆ ಆಟದ ಅಂಗಡಿ ಹಾಕುವ ಕಂಟ್ರಾಕ್ಟರ್ ಒಬ್ಬ, "ಹುಡುಗ್ರಿಗೆ ರೌಡಿಗಳು ಬೇಕು ಕಣ್ರೀ, ರೌಡಿಗಳನ್ನ ಮಾಡಿ, ಒಂದು ಡಜನ್ ನಾನೇ ತಗೋತೀನಿ" ಅಂದ. ಚಿಕ್ಕಯ್ಯ ಯಾವುದೋ ಫಾರಿನ್ ಪತ್ರಿಕೆಯಿಂದ ಗ್ಯಾಂಗ್‌ಸ್ಟರ್ ಒಬ್ಬನ ಚಿತ್ರ ಹರಿದು ತಂದು ಶ್ರೀರಂಗಪಟ್ಟಣದ ಪೇಂಟರ್ ಚಲುವಯ್ಯನಿಗೆ ಕೊಟ್ಟರು. ಕರಿ ಟೋಪಿ, ಬಾಯಲ್ಲಿ ಚುಟ್ಟ, ನುಣ್ಣಗೆ ಬೋಳಿಸಿದ ಮುಖ. ಸಿನಿಮಾ ಬ್ಯಾನರು ಬರೆದು ಪಳಗಿದ್ದ ಚಲುವಯ್ಯ ಅದನ್ನು ನೋಡಿ, "ಮೀಸೆ ಇಲ್ದಿರೋ ರೌಡೀನ ಯಾರ್ ಸೋಮಿ ನಂಬ್ತಾರೆ?" ಅಂದವನೇ, ಗಾಜಿನ ಮೇಲೆ ಇಷ್ಟು ದಪ್ಪ ಮೀಸೆ ಇಳಿಸಿದ. ಬೆನ್ನ ಹಿಂದೆ ಅಂಬಾಸಿಡರ್ ಕಾರು ನಿಲ್ಲಿಸಿದ. ಮೆಶೀನಿನ ಒಳಗೆ ನಾಲ್ವರು ಚೇಲಾಗಳು, ಚೆಂಡು ತಾಗಿದರೆ ಒಬ್ಬೊಬ್ಬನೇ ಬೀಳಬೇಕು. ನಾಲ್ವರೂ ಬಿದ್ದರೆ ಜೈಲಿನ ಬಾಗಿಲು ತೆರೆಯಬೇಕು. ಇದೇ ಕರಿಟೋಪಿ.

ಆಯುಧಪೂಜೆಗೆ ಎರಡು ದಿನವಿತ್ತು. ಚಿತ್ರ ಬರೆದ ಗಾಜುಗಳು ಶ್ರೀರಂಗಪಟ್ಟಣದಿಂದ ಬಂದವು. ಅಷ್ಟನ್ನೂ ಗಾಡಿಯಿಂದ ಇಳಿಸಿ ಜೋಪಾನವಾಗಿ ಒಳಗೆ ಇಟ್ಟವಳು ಜಯಲಕ್ಷ್ಮಿ. ಆಮೇಲೆ ಕೊನೆಯ ಮೆಶೀನಿನ ವೈರು ಕಟ್ಟಲು ಕೂತಳು. ಅರ್ಧ ಕಟ್ಟಿದ್ದಾಗ ಊರಿನಿಂದ ಸೈಕಲ್ಲಿನಲ್ಲಿ ಒಬ್ಬ ಬಂದ. ಗಂಡನ ದಾಯಾದಿಗಳಲ್ಲಿ ಹಿರಿಯರೊಬ್ಬರು ಬೆಳಗಿನ ಜಾವವೇ ತೀರಿಕೊಂಡಿದ್ದರು. ಸುದ್ದಿ ಕಿವಿಗೆ ಬಿದ್ದ ಮೇಲೆ ಸೂತಕ. ಕೈಲಿದ್ದ ದಾರವನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಸೂತಕದವರು ಮುಟ್ಟಿದ ಮೆಶೀನು ಪೂಜೆಗೆ ಬೇಡ ಅಂತ ಅದನ್ನು ಮೂಲೆಗೆ ತಳ್ಳಿ ಗೋಣಿತಾಟು ಹೊದಿಸಿದರು. ಅದರ ಗಾಜನ್ನೂ ಅದರ ಪಕ್ಕಕ್ಕೇ ಒರಗಿಸಿದರು.

ಹಬ್ಬದ ಸಂಜೆ ಪಾರ್ವತಿ ಮನೆಬಾಗಿಲಿಗೆ ಬಂದಳು. ಅವಳು ಬೇರೆ ವಂಶದವಳು, ಸೂತಕವಿರಲಿಲ್ಲ, ಪೂಜೆಗೆ ಹೋಗಿದ್ದಳು. ದೂರ ನಿಂತೇ ಹೇಳಿದಳು.

"ಎಲ್ಲಾ ಒಡ್ದೋದೊ ಕಣಕ್ಕ. ಮೆಶೀನ್ಗಳ ಮ್ಯಾಲೆ ಗಾಜ್ನೆಲ್ಲ ಮಲಗ್ಸಿ ಪೂಜೆ ಮಾಡಿದ್ರು. ಮಂಗಳಾರತಿ ಆಯ್ತಿದ್ದಂಗೇ ಟಣ್ ಟಣ್ ಅಂತ ಒಂದಾದ್ ಮ್ಯಾಲೊಂದು. ಎಲ್ಲಾ ಗಾಜ್ನೂವೆ ಮೊನ್ನೆ ಬೆಳಿಗ್ಗೆ ಇಳ್ಸಿದ್ದೋಳು ನೀನೇ ಅಲ್ವಾ? ನಿಮ್ ದೊಡ್ಡೋರು ಅಷ್ಟೊತ್ಗಾಗ್ಲೇ ತೀರ್ಕೊಂಡಿದ್ರಲ್ಲ. ಸೂತಕದ ಕೈ ತಾಗ್ಬುಟ್ಟದೆ ಅಂತ ಎಲ್ರೂ ಅಂತಾವ್ರೆ."

ಪಾರ್ವತಿ ಕೆಟ್ಟವಳಲ್ಲ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವಳು, ಅಷ್ಟೇ. ಆದರೆ ಆಡಿದವಳು ಆ ಮಾತನ್ನು ಮತ್ತೆ ಎತ್ತಲಿಲ್ಲ, ಕೇಳಿಸಿಕೊಂಡವಳಿಗೆ ಅದು ಮುಗಿಯಲೇ ಇಲ್ಲ.

ಹಬ್ಬದ ದಿನವೇ ಹೀಗಾಯಿತಲ್ಲ ಅಂತ ಕಂಟ್ರಾಕ್ಟರ್ ಹಿಂದೆ ಸರಿದ. ಚಿಕ್ಕಯ್ಯನವರೂ ಕೈಚೆಲ್ಲಿದರು. ಕೆಲವೇ ತಿಂಗಳಲ್ಲಿ ಶೆಡ್ಡಿಗೆ ಬೀಗ. ಮುಖವಿಲ್ಲದ ಪೆಟ್ಟಿಗೆಗಳಲ್ಲಿ ಒಂದು ಕೋಳಿಗೂಡಾಯಿತು, ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯಾಯಿತು, ಉಳಿದವು ಸೌದೆಗೆ ಹೋದವು. ಪೂಜೆ ಕಾಣದೆ ಮೂಲೆಯಲ್ಲಿ ನಿಂತಿದ್ದ ಒಂದೇ ಒಂದು ಕರಿಟೋಪಿಯನ್ನು ಯಾರೋ ಹೇಗೋ ಮುಗಿಸಿ ಕೆ.ಆರ್. ಪೇಟೆಯ ಬೇಕರಿಗೆ ಸಾಗಿಸಿದರು. ಜಯಲಕ್ಷ್ಮಿಗೆ ಆ ವಿಷಯವೂ ತಿಳಿಯಲಿಲ್ಲ. ಆ ಕಡೆ ಮತ್ತೆ ಅವಳು ಹೋಗಲಿಲ್ಲ.

ಆಮೇಲಿನ ಬದುಕಿನಲ್ಲಿ ಏನೂ ಕಡಿಮೆಯಾಗಲಿಲ್ಲ. ಮಗ ಹುಟ್ಟಿದ, ಹಸು ಕಟ್ಟಿದರು, ಕಬ್ಬು ಬೆಳೆದರು, ಟ್ರಾಕ್ಟರು ಬಂತು. ಊರವರು ಬೆಳಗೊಳದ ಶೆಡ್ಡನ್ನೇ ಮರೆತರು. ಯಾರೂ ಆಕೆಯನ್ನು ಯಾವ ಪೂಜೆಗೂ ಬೇಡ ಅಂದವರಲ್ಲ, ಆಕೆಯೇ ಹಿಂದೆ ಸರಿದವಳು. ತನ್ನ ಕೈ ತಾಗಿ ಒಂದು ಶೆಡ್ಡು ಮುಳುಗಿತು, ಮಗನ ಟ್ರಾಕ್ಟರಿಗೆ ಯಾಕೆ ಆ ಕೈ ಅಂತ. ಹೇಳಿದರೆ ನಗುತ್ತಾರೆ ಅಂತ ಹೇಳಲಿಲ್ಲ. ನಗದೆ ನಂಬಿಬಿಟ್ಟರೆ ಅನ್ನುವ ಹೆದರಿಕೆಯೂ ಇತ್ತು.

"ಪ್ರಪಂಚದಲ್ಲಿ ಇದೊಂದೇ ಉಳಿದಿರೋದು ಅಮ್ಮ," ಅಂದರು ಅಶೋಕ್. "ಫೋಟೋ ಹಾಕಿದ್ದಕ್ಕೆ ಎಲ್ಲೆಲ್ಲಿಂದಲೋ ಕೇಳ್ತಾವ್ರೆ. ಶೆಡ್ಡಿಗೆ ಬೆಂಕಿ ಬಿತ್ತು ಅಂತ ಒಬ್ಬ, ರೌಡಿ ಚಿತ್ರ ಅಂತ ಪೊಲೀಸ್ರು ಹೊತ್ಕೊಂಡೋದ್ರು ಅಂತ ಇನ್ನೊಬ್ಬ. ನಿಜವಾಗ್ಲೂ ಏನಾಯ್ತು? ಬೇರೇವೆಲ್ಲ ಏನಾದೊ?"

"ನಂಗೊತ್ತಿಲ್ಲ ಕಣಪ್ಪ," ಅಂದಳು ಜಯಲಕ್ಷ್ಮಮ್ಮ. ಆದರೆ ಅವರು ಎದ್ದು ಹೊರಟಾಗ, "ಒಂದ್ಸಲ ನೋಡ್ಬೌದಾ?" ಅಂತ ಕೇಳಿಯೇ ಬಿಟ್ಟಳು.

ಭಾನುವಾರ ಪವಿತ್ರಳ ಸ್ಕೂಟರಿನಲ್ಲಿ ಪಾಂಡವಪುರಕ್ಕೆ ಹೋದರು. ಅಶೋಕರ ಮನೆಯ ನಡುಮನೆಯಲ್ಲಿ, ಸೋಫಾ ಇರಬೇಕಾದ ಜಾಗದಲ್ಲಿ, ಕರಿಟೋಪಿ ನಿಂತಿತ್ತು. ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಮೀಸೆ ಮಾತ್ರ ಹಾಗೇ ಇತ್ತು.

"ಅಯ್ಯೋ, ಇವನು ರೌಡಿನಾ ಅತ್ತೆ? ನಮ್ ಸೊಸೈಟಿ ಸೆಕ್ರೆಟ್ರಿ ಇದ್ದಂಗವ್ನೆ," ಅಂದಳು ಪವಿತ್ರ.

ಜಯಲಕ್ಷ್ಮಮ್ಮ ನಗಲಿಲ್ಲ. ಅಶೋಕ್ ಪೆಟ್ಟಿಗೆಯ ಮುಚ್ಚಳ ಎತ್ತಿ ಕೋಲು ಕೊಟ್ಟು ನಿಲ್ಲಿಸಿದರು. ಒಳಗೆ ವೈರಿನ ಕಟ್ಟು ಒಂದು ಮೂಲೆಯಿಂದ ಹೊರಟು, ಗಂಟಿನ ಪಕ್ಕ ಗಂಟಾಗಿ ಒಂದೇ ಸಮನೆ ಸಾಗಿ, ನಡುವೆ ತಟ್ಟನೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಯಾರೋ ಕರಿ ಟೇಪು ಸುತ್ತಿದ್ದರು, ಒಡ್ಡೊಡ್ಡಾಗಿ. ಆಕೆ ಆ ಕೊನೆಯ ಗಂಟಿನ ಮೇಲೆ ಬೆರಳಿಟ್ಟಳು.

"ಇಲ್ಲಿಗೆ ಸುದ್ದಿ ಬಂತು," ಅಂದಳು.

"ಯಾವ ಸುದ್ದಿ ಅತ್ತೆ?"

ನಲವತ್ತು ವರ್ಷ ಹೇಳದ್ದನ್ನು ಜಯಲಕ್ಷ್ಮಮ್ಮ ಅಪರಿಚಿತರ ನಡುಮನೆಯಲ್ಲಿ ನಿಂತು ಸೊಸೆಗೆ ಹೇಳಿದಳು. ಗಾಜು ಇಳಿಸಿದ್ದು, ಸೈಕಲ್ಲಿನವನು ಬಂದದ್ದು, ಪೂಜೆಯಲ್ಲಿ ಎಲ್ಲ ಒಡೆದದ್ದು, ಪಾರ್ವತಿ ಬಾಗಿಲಲ್ಲಿ ನಿಂತು ಅಂದದ್ದು. "ನನ್ ಕೈ ತಾಗಿ ಹಾಳಾಗೋಯ್ತು ಕಣವ್ವ. ಅದ್ಕೇ ನಿನ್ ಸ್ಕೂಟ್ರಿಗೂ ನಾ ಕುಂಕುಮ ಇಕ್ಕಲ್ಲ."

ಅಶೋಕ್ ಒಳಕೋಣೆಗೆ ಹೋಗಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಏನನ್ನೋ ತಂದರು.

"ಒಡೆದಿದ್ದ ಗಾಜು ಎರಡು ನನ್ನತ್ರ ಅವೆ ಅಮ್ಮ. ಬೆಳಗೊಳದಲ್ಲಿ ಒಬ್ರು ಕೊಟ್ಟಿಗೆ ಕಿಟಕಿಗೆ ಹಾಕ್ಕೊಂಡಿದ್ರು. ಇಷ್ಟು ವರ್ಷ ಈ ಇಬ್ಬರು ರೌಡಿಗಳು ಅವರ ಎಮ್ಮೆ ಕಾಯ್ತಿದ್ರು."

ಗಾಜುಗಳನ್ನು ನೆಲದ ಮೇಲೆ ಹಾಸಿದರು. ಎರಡರಲ್ಲೂ ಅದೇ ಟೋಪಿ, ಅದೇ ಮೀಸೆ. ಎರಡರಲ್ಲೂ ಗದ್ದದ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಬಣ್ಣ ಸುಟ್ಟು ಗುಂಡಗೆ ಕಪ್ಪಾಗಿತ್ತು. ಬಿರುಕುಗಳೆಲ್ಲ ಆ ಕಪ್ಪಿನಿಂದಲೇ ಹೊರಟು ಅಂಚಿನವರೆಗೆ ಹೋಗಿದ್ದವು.

"ಈ ಕಲೆ ಏನು ಅಂತ ನಂಗೆ ಗೊತ್ತಾಗಿಲ್ಲ," ಅಂದರು ಅಶೋಕ್. "ಏನೋ ಬಿಸಿ ವಸ್ತು ಇಟ್ಟವ್ರೆ."

ಜಯಲಕ್ಷ್ಮಮ್ಮ ಕುಕ್ಕರುಗಾಲಲ್ಲಿ ಕೂತಳು. ಬಹಳ ಹೊತ್ತು ನೋಡಿದಳು. ಹೊಸ್ತಿಲಲ್ಲಿ, ತುಳಸಿಕಟ್ಟೆಯಲ್ಲಿ, ಗುಡಿಯ ಕಲ್ಲಿನ ಮೇಲೆ ದಿನಬೆಳಗಾದರೆ ಆ ಕಲೆ ನೋಡಿ, ಉಜ್ಜಿ ತೊಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಕರ್ಪೂರ," ಅಂದಳು.

"ಏನಂದ್ರಿ?"

"ಕರ್ಪೂರ ಕಣಪ್ಪ! ಅಷ್ಟು ಮೆಶೀನು ಸಾಲಾಗಿ, ಒಂದೊಂದ್ರ ಮುಂದೂ ಒಟ್ಟಿಗೆ ಹಚ್ಬೇಕು ಅಂದ್ರೆ ತಟ್ಟೆ ಎಲ್ಲಿಂದ ತರ್ತಾರೆ? ಶೆಡ್ಡಲ್ಲಿದ್ದಿದ್ದು ಒಂದೇ ಆರತಿ ತಟ್ಟೆ. ಗಾಜಿನ್ ಮ್ಯಾಲೇ ಇಕ್ಕಿ ಹಚ್ಬುಟ್ಟವ್ರೆ."

"ಬಿಸಿಗೆ ಗಾಜು ಸೀಳಿದೆ," ಅಂದರು ಅಶೋಕ್ ಮೆಲ್ಲಗೆ. "ಅದಕ್ಕೇ ಪೂಜೆ ಆಗಿದ್ದೆಲ್ಲ ಹೋಯ್ತು, ಪೂಜೆ ಆಗದೆ ಇದ್ದದ್ದು ಉಳೀತು. ನೀವು ಬಿಟ್ಟೋದ್ರಿ ಅಂತಲೇ ಇದು ಇವತ್ತು ಇಲ್ಲಿರೋದು ಅಮ್ಮ."

ಆಕೆ ಮೊದಲು ನಕ್ಕಳು. ಆಮೇಲೆ ಅದು ಅಳುವಾಯಿತು. ಆಮೇಲೆ ಮುಖ ಒರೆಸಿಕೊಂಡು ನೋಡಿದಾಗ ಕಣ್ಣಲ್ಲಿ ಉಳಿದದ್ದು ಬರೀ ಸಿಟ್ಟು. "ನಲವತ್ತೊರ್ಸ ಅಡಿಗೆಮನೇಲಿ ನಿಂತಿದ್ನಲ್ಲ ಪವಿತ್ರ! ಖಾಲಿ ಒಲೆ ಮುಂದೆ! ಟ್ರಾಕ್ಟ್ರು ಮನೆಗ್ ಬಂದ ದಿನ ನಿನ್ ಮಾವ ಎಷ್ಟು ಕರದ್ರು, ಆಚೆಗೆ ಬರ್ನಿಲ್ಲ ನಾನು. ಅವ್ರು ಆ ಬೇಜಾರ್ ಇಟ್ಕೊಂಡೇ ತೀರ್ಕೊಂಡ್ರು." ಪವಿತ್ರ ಅತ್ತೆಯ ಭುಜ ಹಿಡಿದು ಪಕ್ಕದಲ್ಲೇ ಕೂತಳು.

ಅಶೋಕರ ಹೆಂಡತಿ ಕಾಫಿ ತಂದುಕೊಟ್ಟರು. ಕುಡಿದ ಮೇಲೆ ಆಕೆ ತಾನೇ ಎದ್ದಳು.

"ದಾರ ಅದಾ?"

ದಾರವೂ ಮೇಣದಬತ್ತಿಯೂ ಬಂತು. ಜಯಲಕ್ಷ್ಮಮ್ಮ ಕರಿ ಟೇಪನ್ನು ಕಿತ್ತೆಸೆದು, ದಾರಕ್ಕೆ ಮೇಣ ಉಜ್ಜಿ, ತನ್ನ ಹಳೇ ಗಂಟಿನ ಪಕ್ಕದಲ್ಲೇ ಹೊಸ ಗಂಟು ಹಾಕಿದಳು. ಅಶೋಕ್ ಅವಸರವಿಲ್ಲ ಅಂದರು. "ಕಟ್ಟಿ ಮುಗಿಸ್ದೆ ಚೆಂಡು ಆಡಂಗಿಲ್ಲ, ನಮ್ ಶೆಡ್ಡಿನ್ ರೂಲ್ಸು," ಅಂದಳು. ಕೊನೆಯ ಗಂಟು ಬಿಗಿದು ದಾರ ಕಚ್ಚಿ ಹರಿದಾಗ ಬಿಸಿಲು ಬಾಗಿಲಿನಿಂದ ಕಿಟಕಿಗೆ ಬಂದಿತ್ತು.

ಮುಚ್ಚಳ ಇಳಿಸಿ ಅಶೋಕ್ ಸ್ವಿಚ್ಚು ಹಾಕಿದರು. ಲೈಟು ಹತ್ತಿತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿ ಎಳೆದು ಬಿಟ್ಟಳು. ಚೆಂಡು ಮೇಲಕ್ಕೆ ಹಾರಿತು, ಒಬ್ಬ ಚೇಲಾನಿಗೆ ಬಡಿಯಿತು, ಅವನು ಮಗ್ಗುಲಾದ, ಗಂಟೆ ಹೊಡೆಯಿತು. "ಬಿದ್ದ, ಬಿದ್ದ!" ಅಂತ ಪವಿತ್ರ ಕೂಗುವಷ್ಟರಲ್ಲಿ ಚೆಂಡು ಎರಡು ತೋಳುಗಳ ನಡುವೆ ನೆಟ್ಟಗೆ ಇಳಿದು ಗುಳುಂ.

"ಇಷ್ಟೇಯಾ?" ಅಂದಳು ಜಯಲಕ್ಷ್ಮಮ್ಮ. "ಇನ್ನೊಂದ್ ಬುಡಪ್ಪ. ನನ್ದಾದ್ಮೇಲೆ ನೀನು."

ಮನೆಗೆ ಬಂದ ಮೇಲೆ ಪಾರ್ವತಮ್ಮನಿಗೆ ಏನೂ ಹೇಳಲಿಲ್ಲ. ಕಾಂಪೌಂಡಿನ ಈಚೆ ನಿಂತಾಗ ಒಂದೆರಡು ಸಲ ಮಾತು ಬಾಯಿವರೆಗೂ ಬಂತು. ಪಾರ್ವತಮ್ಮ ಎಂದಿನ ಹಾಗೆ ಬಟ್ಟಲಿನಲ್ಲಿ ಸಾರು ನೀಡಿದಳು. ಇವಳು ತಗೊಂಡು ಒಳಗೆ ಬಂದಳು.

ಆಯುಧಪೂಜೆ ಬಂತು. ಟ್ರಾಕ್ಟರು, ಪಂಪ್‌ಸೆಟ್ಟು, ಸ್ಕೂಟರು ಹೂವು ಮುಡಿದು ಅಂಗಳದಲ್ಲಿ ಸಾಲಾಗಿ ನಿಂತವು. ಪಾರ್ವತಮ್ಮ ಪ್ರತಿ ವರ್ಷದಂತೆ ಮಂಗಳಾರತಿಗೆ ಬಂದು ಒಂದು ಪಕ್ಕಕ್ಕೆ ನಿಂತಳು. ತಿಮ್ಮರಾಜು ಬೆಂಕಿಪೊಟ್ಟಣ ತೆಗೆದು, ಅಮ್ಮ ಇನ್ನೇನು ಒಲೆ ನೋಡಲು ಹೋಗುತ್ತಾರೆ ಅಂತ ಕಾದ. ಹೋಗಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಬಂದು ಮೊದಲು ಸೊಸೆಯ ಸ್ಕೂಟರಿಗೆ, ಆಮೇಲೆ ಟ್ರಾಕ್ಟರಿಗೆ ತನ್ನ ಬೆರಳಿನಿಂದ ಬೊಟ್ಟಿಟ್ಟಳು. ಪವಿತ್ರ ಗಂಡನ ಕೈಯಿಂದ ಬೆಂಕಿಪೊಟ್ಟಣ ತೆಗೆದು ಅತ್ತೆಗೆ ಕೊಟ್ಟಳು.

ಅಷ್ಟರಲ್ಲಿ ಪಾರ್ವತಮ್ಮನ ಮುಖದ ಬಣ್ಣ ಇಳಿದಿತ್ತು. ತಡೆಯುವವಳಂತೆ ಒಂದು ಹೆಜ್ಜೆ ಮುಂದೆ ಇಟ್ಟಳು.

"ಪಾರ್ವತಿ," ಅಂದಳು ಜಯಲಕ್ಷ್ಮಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಬಿಡುವ ಹಾಗೂ ಇರಲಿಲ್ಲ. "ಒಳಗ್ಲಿಂದ ಒಂದು ತಟ್ಟೆ ತಕ್ಕೊಂಬಾ. ಕರ್ಪೂರ ತಟ್ಟೇಲಿ ಹಚ್ಬೇಕು ಕಣೆ. ಗಾಜಿನ್ ಮ್ಯಾಲಿಕ್ಕಿ ಹಚ್ಚುದ್ರೆ ಕಾದು ಒಡ್ದೋಯ್ತದೆ. ಅವತ್ತು ಬೆಳಗೊಳದಲ್ಲಿ ಒಡೀತಲ್ಲ, ಅಂಗೆ."

ಪಾರ್ವತಮ್ಮ ಅಲ್ಲೇ ನಿಂತಳು. ಬೆಳಗೊಳದ ಶೆಡ್ಡು, ಸಾಲಾಗಿ ಮಲಗಿದ್ದ ಮೀಸೆಯ ಗಾಜುಗಳು, ಒಂದೊಂದರ ಮೇಲೂ ಉರಿಯುತ್ತಿದ್ದ ಕರ್ಪೂರ, ಎಲ್ಲವನ್ನೂ ಅವಳು ಕಣ್ಣಾರೆ ಕಂಡಿದ್ದಳು. ಕಂಡದ್ದು ಏನೆಂದು ಈಗ ತಿಳಿಯಿತು. ಕೈ ತಾನಾಗಿ ಬಾಯಿಗೆ ಹೋಯಿತು.

"ಜಯಕ್ಕ..." ಅಂದಳು.

"ತಟ್ಟೆ ತತ್ತಾ ಓಗು."

ಪಾರ್ವತಮ್ಮ ಒಳಗೆ ಹೋಗಿ, ತಟ್ಟೆಯ ನೀರನ್ನು ತನ್ನ ಸೆರಗಿನಲ್ಲೇ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ತಟ್ಟೆ ಅಲುಗುತ್ತಿತ್ತು. ಜಯಲಕ್ಷ್ಮಮ್ಮ ಕೆಳಗಿನಿಂದ ತನ್ನ ಎಡಗೈ ಕೊಟ್ಟು ಅದನ್ನು ನಿಲ್ಲಿಸಿ, ಬಲಗೈಯಿಂದ ಕರ್ಪೂರ ಹಚ್ಚಿದಳು.